ಮುಖವಿದೆ, ಹೊಣೆಯಿಲ್ಲ

ಮನುಷ್ಯಾಕಾರದ ರೋಬೋಟ್‌ಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಒಂದೇ ಪ್ರಶ್ನೆಗೆ ಗಂಟು ಬಿದ್ದಿದೆ: ಅವು ನಮ್ಮಂತೆ ಯೋಚಿಸಬಲ್ಲವೇ? ಯೋಚಿಸಲಿ, ಬಿಡಲಿ. ನನ್ನ ತಕರಾರಿರುವುದು ಅವುಗಳ ಮುಖದ ಬಗ್ಗೆ.

2017ರ ನವೆಂಬರಿನಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯಲ್ಲಿ ನರೇಂದ್ರ ಮೋದಿ ಮತ್ತು ಇವಾಂಕಾ ಟ್ರಂಪ್ ಅವರನ್ನು ಸ್ವಾಗತಿಸಿದ ರೋಬೋಟ್ ಬೆಂಗಳೂರಿನ ಇನ್ವೆಂಟೊ ರೊಬೊಟಿಕ್ಸ್ ತಯಾರಿಸಿದ್ದು. ಹೆಸರು ‘ಮಿತ್ರ’. ಎಟಿಎಂ ಯಂತ್ರಕ್ಕೆ ಯಾರೂ ಹೀಗೆ ಹೆಸರಿಡಲಿಲ್ಲ. ಕಣ್ಣು, ಕೈ, ಕತ್ತು ಬಂದ ಮೇಲೆ ಯಂತ್ರಕ್ಕೆ ಸಂಬಂಧವೂ ಬೇಕಾಯಿತು.

ಆ ಸಂಬಂಧ ಏನು ಮಾಡಬಲ್ಲದು? 2018ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ‘ನಾವೋ’ ಎಂಬ ಪುಟ್ಟ ರೋಬೋಟ್, ತನ್ನನ್ನು ಸ್ವಿಚ್ ಆಫ್ ಮಾಡಬೇಡಿ ಎಂದು ಬೇಡಿಕೊಂಡಿತು. ಕೇಳಿಸಿಕೊಂಡ 43 ಜನರಲ್ಲಿ 13 ಮಂದಿ ಆಫ್ ಮಾಡಲೇ ಇಲ್ಲ. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ, ಸಮ ಉದ್ದದ ಗೆರೆ ಯಾವುದೆಂದು ಗುರುತಿಸುವ ಸರಳ ಪರೀಕ್ಷೆ ಇತ್ತು. ಜೊತೆಗಿದ್ದ ರೋಬೋಟ್‌ಗಳು ತಪ್ಪು ಹೇಳಿದಾಗ 7ರಿಂದ 9 ವರ್ಷದ ಮಕ್ಕಳು ಎಷ್ಟೋ ಸಲ ಅದನ್ನೇ ಹೇಳಿದರು. ದೊಡ್ಡವರು ಜಗ್ಗಲಿಲ್ಲ. ಆದರೆ ಗೆರೆ ಅವರ ಕಣ್ಣೆದುರೇ ಇತ್ತು. ವಿಮೆಯ ಷರತ್ತು, ಸಾಲದ ಬಡ್ಡಿಯ ಲೆಕ್ಕ ನಮ್ಮಲ್ಲಿ ಎಷ್ಟು ಜನರಿಗೆ ಅಷ್ಟು ನಿಚ್ಚಳವಾಗಿ ಕಾಣುತ್ತದೆ?

ಬೆಳಗಾವಿಯಲ್ಲಿ ನಿಂತು ಯೋಚಿಸಿದರೆ ಎದುರುವಾದವೂ ಬಲವಾಗಿಯೇ ಇದೆ. ಖಾನಾಪುರದ ಕಾಡಂಚಿನ ಹಳ್ಳಿಯಿಂದ ಬಸ್ಸು ಹಿಡಿದು ಬಂದವರಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಉತ್ತರಿಸುವ, ಗದರದ, ಲಂಚ ಕೇಳದ, ‘ನಾಳೆ ಬಾ’ ಎನ್ನದ ಯಂತ್ರ ಬೇಡವೇ? ಖಂಡಿತ ಬೇಕು. ಅದಕ್ಕೆ ಒಂದು ಪರದೆ, ಒಂದು ದನಿ ಸಾಕಲ್ಲ! ಕಣ್ಣು ಮಿಟುಕಿಸುವ ಮುಖ ಏಕೆ? ಮಾಹಿತಿ ಕೊಡಲು ಮುಖ ಬೇಕಿಲ್ಲ, ಒಪ್ಪಿಸಲು ಬೇಕು.

ಗದರಿದ ಗುಮಾಸ್ತನ ಮೇಲೆ ದೂರು ಕೊಡಬಹುದು, ಮ್ಯಾನೇಜರ್ ಹತ್ತಿರ ಹೋಗಿ ಜಗಳ ತೆಗೆಯಬಹುದು. ನಯವಾಗಿ ಮಾತಾಡಿ, ಬೇಡದ ಪಾಲಿಸಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಬೊಂಬೆಯ ಕೊರಳಪಟ್ಟಿ ಹಿಡಿಯುವುದು ಹೇಗೆ? ಬೊಂಬೆಯಾಟ ನೋಡುವವರಿಗೆ ಸೂತ್ರ ಹಿಡಿದವರು ಹಿಂದಿದ್ದಾರೆಂದು ಗೊತ್ತಿರುತ್ತದೆ. ಇಲ್ಲಿ ಸೂತ್ರವೇ ಕಾಣುವುದಿಲ್ಲ.

ಆದ್ದರಿಂದ ಸಾಲ, ವಿಮೆ, ಚಿಕಿತ್ಸೆ, ಶಾಲಾ ಪ್ರವೇಶ, ಹೀಗೆ ಸಹಿ ಬೀಳುವ ಜಾಗಗಳಲ್ಲಿ ಮನುಷ್ಯಮುಖದ ಯಂತ್ರ ಬೇಡ. ಇಡಲೇಬೇಕೆಂದರೆ, ಅದರ ಮಾತಿಗೆ ಹೊಣೆಯಾಗುವ ವ್ಯಕ್ತಿಯ ಹೆಸರು, ಫೋನ್ ನಂಬರು ಅದರ ಎದೆಯ ಮೇಲೆಯೇ ಎರಡೂ ಭಾಷೆಗಳಲ್ಲಿ ದಪ್ಪಕ್ಷರದಲ್ಲಿ ಇರಲಿ. ಹೆಸರು ಕೊಡಲು ಯಾರೂ ಮುಂದೆ ಬರದಿದ್ದರೆ, ಆ ಮುಖ ಯಾರ ಪರವಾಗಿ ನಗುತ್ತಿದೆ ಎಂಬುದು ನಮಗೆ ಅರ್ಥವಾಗಬೇಕು.