ಕೆಚ್ಚಲು ಬಾವಿಗೆ ಓಡ್ತೀವಿ, ಕೈ ಬಾವಿಗೆ ಕಾಯ್ತೀವಿ

ಈ ವಾರ ತೆಂಗಿನ ನುಸಿ ಬಗ್ಗೆ ಬರೀತೀನಿ ಅಂದಿದ್ದೆ. ಅದನ್ನ ಮುಂದಿನ ವಾರಕ್ಕೆ ಇಟ್ಕೊಂಡಿದೀನಿ. ಮೊನ್ನೆ ಡೇರಿಯಲ್ಲಿ ಹಾಲು ಹಾಕೋಕೆ ಬಂದಿದ್ದ ಒಬ್ಬ ಹೆಣ್ಣುಮಗಳು ಕ್ಯಾನಿನ ಮುಚ್ಚಳ ತೆಗೆಯೋಕಾಗದೆ ಪಕ್ಕದವನ ಕೈಗೆ ಕೊಟ್ಟಳು. "ಎರಡು ತಿಂಗಳಿಂದ ಹಿಂಗೇ ಅಣ್ಣ, ಬೆಳಗ್ಗೆ ಕೈ ಹಿಡ್ಕೊಂಡಿರ್ತವೆ, ಹತ್ತು ಗಂಟೆಗೆ ಸರಿಹೋಗುತ್ತೆ" ಅಂದಳು. ಎದೆ ಧಸಕ್ ಅಂತು. ಇದೇ ಮಾತನ್ನ ನಾನು ನಮ್ಮನೆಯಲ್ಲಿ ಏಳೆಂಟು ತಿಂಗಳು ಕೇಳಿಯೂ ಕೇಳದೋನ ಹಾಗೆ ಇದ್ದೋನು. ಅದಕ್ಕೆ ಈ ಬರಹ.

2018ರ ಮಳೆಗಾಲದಲ್ಲಿ ನಮ್ಮನೆಯವಳಿಗೆ ಶುರುವಾಯ್ತು. ಎರಡೂ ಕೈಯ ಬೆರಳಿನ ಬುಡದ ಗೆಣ್ಣುಗಳು, ಮಣಿಕಟ್ಟು ಊದಿಕೊಂಡವು. ಬೆಳಗ್ಗೆ ಐದಕ್ಕೆ ಎದ್ದರೆ ಹಸುವಿನ ಮೊಲೆ ಹಿಡಿಯೋಕಾಗದು, ಮುದ್ದೆ ತೊಳಸೋ ಕೋಲು ಹಿಡಿಯೋಕಾಗದು. ಬಿಸಿಲೇರಿದ ಮೇಲೆ ಕೈ ಸಡಿಲ ಆಗೋದು. ಮಧ್ಯಾಹ್ನ ಕೆಲಸ ಮಾಡ್ತಿದ್ದಳಲ್ಲ, ಹಾಗಾಗಿ ಬೆಳಗಿನದು ಸೋಮಾರಿತನ ಅಂತ ಮನೆಯೋರೆಲ್ಲ ತೀರ್ಮಾನ ಮಾಡಿದ್ವಿ. ನಾನೂ ಸೇರಿ.

ಒಬ್ಬರು ಚಿಕೂನ್‌ಗುನ್ಯ ಅಂದ್ರು, ಇನ್ನೊಬ್ಬರು ವಾತ ಅಂದ್ರು. ಮೆಡಿಕಲ್ ಶಾಪಲ್ಲಿ ನೋವಿನ ಮಾತ್ರೆ ಕೊಟ್ರು. ಸಂತೆಯಲ್ಲಿ ಒಬ್ಬ ಚೀಟಿ ಇಲ್ಲದ ಪುಡಿ ಕೊಟ್ಟ. ಅದನ್ನ ತಿಂದ ಮೂರೇ ದಿನಕ್ಕೆ ಕೈ ಹಗುರ! ಬಿಟ್ಟ ವಾರಕ್ಕೆ ಮೊದಲಿಗಿಂತ ಜಾಸ್ತಿ ಬಾವು, ಮುಖ ಬೇರೆ ಊದಿತ್ತು. ಇಂಥ ಪುಡಿಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸೋದುಂಟು ಅಂತ ಆಮೇಲೆ ಡಾಕ್ಟರು ಹೇಳಿದ್ರು.

ಆ ವರ್ಷ ರಾಗಿ ಕುಯ್ಲಿನ ಹೊತ್ತಿಗೆ ಅವಳು ತಾನಾಗಿ ಬಾಯಿಬಿಟ್ಟು ಕೇಳಿದಳು, ದೊಡ್ಡಾಸ್ಪತ್ರೆಗೆ ಹೋಗೋಣ ಅಂತ. "ಕುಯ್ಲು ಮುಗೀಲಿ, ಒಕ್ಕಣೆ ಆಗ್ಲಿ, ಆಮೇಲೆ ನೋಡೋಣ" ಅಂದೆ. ಅವಳು ಕೂಗಾಡಲಿಲ್ಲ. "ಹೋದ ತಿಂಗಳು ಗೌರಿಗೆ ಕೆಚ್ಚಲು ಬಾವು ಬಂದಾಗ ರಾತ್ರಿ ಹತ್ತು ಗಂಟೆಗೆ ಡಾಕ್ಟರನ್ನ ಬೈಕಲ್ಲಿ ಕೂರಿಸ್ಕೊಂಡು ಬಂದ್ರಲ್ಲ. ನನ್ನ ಕೈಗೆ ಮಾತ್ರ ಒಕ್ಕಣೆ ಮುಗೀಬೇಕೇನ್ರೀ?" ಅಂದಳು.

ಉತ್ತರ ಇರಲಿಲ್ಲ. ಆದರೂ ಒಕ್ಕಣೆ ಮುಗಿಸೇ ಹೋದದ್ದು. ಆಮೇಲೆ ಹಬ್ಬ, ಆಮೇಲೆ ದುಡ್ಡಿಲ್ಲ. ಬೆಂಗಳೂರಿನ ಕೀಲುರೋಗದ ಡಾಕ್ಟರ ಮುಂದೆ ಕೂರುವಾಗ 2019ರ ಬೇಸಿಗೆ. ರಕ್ತ ಪರೀಕ್ಷೆ ನೋಡಿ ಅವರು ಹೇಳಿದ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್.

ನನಗೆ ಅರ್ಥವಾದ ಮಟ್ಟಿಗೆ ಹೇಳ್ತೀನಿ. ವಯಸ್ಸಾದೋರ ಮಂಡಿ ಸವೆತ ಬೇರೆ, ಇದು ಬೇರೆ. ಸವೆತದ ನೋವು ದುಡಿದಷ್ಟೂ ಜಾಸ್ತಿ, ಕೂತರೆ ಕಮ್ಮಿ. ಇದು ಉಲ್ಟಾ. ರಾತ್ರಿಯೆಲ್ಲ ಮಲಗಿ ಎದ್ದಾಗ ಬಿಗಿತ ಹೆಚ್ಚು, ಅರ್ಧ ಗಂಟೆ ಒಂದು ಗಂಟೆ ಆದರೂ ಬಿಡಲ್ಲ. ರೋಗಾಣುವಿನ ಮೇಲೆ ಬೀಳಬೇಕಾದ ಮೈಯ ಕಾವಲು ಪಡೆ ತನ್ನದೇ ಕೀಲಿನ ಒಳಪದರದ ಮೇಲೆ ಬೀಳುತ್ತೆ. ಹಾಗೇ ಬಿಟ್ಟರೆ ಮೂಳೆ ತಿಂದುಹೋಗಿ ಬೆರಳು ಸೊಟ್ಟ ಆಗ್ತವೆ. ಹೆಂಗಸರಲ್ಲೇ ಹೆಚ್ಚು. ಶುರುವಾದ ಮೊದಲ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಔಷಧಿ ಬಿದ್ದರೆ ಕೀಲು ಉಳಿಸ್ಕೊಳ್ಳೋ ಅವಕಾಶ ಜಾಸ್ತಿ. ಆ ತಿಂಗಳುಗಳನ್ನ ನಾವು ಪುಡಿಗೆ, ಒಕ್ಕಣೆಗೆ ಕೊಟ್ವಿ. ಅವಳ ಬಲಗೈಯ ಎರಡು ಬೆರಳು ಇವತ್ತಿಗೂ ನೆಟ್ಟಗಾಗಲ್ಲ.

ಮೆಥೋಟ್ರೆಕ್ಸೇಟ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಶುರು ಮಾಡಿದ್ರು. ಇವು ನೋವಿನ ಮಾತ್ರೆ ಅಲ್ಲ, ಕಾಯಿಲೆಯನ್ನೇ ಹಿಡಿಯುವಂಥವು. ಕೆಲಸ ಮಾಡೋಕೆ ಆರರಿಂದ ಹನ್ನೆರಡು ವಾರ ಬೇಕು. "ಹದಿನೈದು ದಿನ ತಿಂದೆ, ಏನೂ ಆಗಲಿಲ್ಲ" ಅಂತ ಬಿಡುವಂತಿಲ್ಲ. ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಈ ಕಾಯಿಲೆಗೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಮ್ಮನೆ ಕ್ಯಾಲೆಂಡರಲ್ಲಿ ಪ್ರತಿ ಭಾನುವಾರಕ್ಕೆ ಕೆಂಪು ಗುರುತು ಇದೆ.

ಎರಡನೇ ಪಾಠ ಲಾಕ್‌ಡೌನಲ್ಲಿ. 2020ರ ಮಾರ್ಚಲ್ಲಿ ಕೊರೋನಾ ಬರದ ಹಾಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನ ಆಸ್ಪತ್ರೆ ಸಿಬ್ಬಂದಿಗೆ ಕೊಡಬಹುದು ಅಂತ ಐಸಿಎಂಆರ್ ಹೇಳಿತು. ಕಾಯಿಲೆ ಇಲ್ಲದೋರೂ ಹುಡುಕೋಕೆ ಶುರು ಮಾಡಿದ್ರು. ಸರ್ಕಾರ ಅದರ ಮಾರಾಟ ಬಿಗಿ ಮಾಡಿತು. ನಮ್ಮ ಹತ್ರ ಇದ್ದದ್ದು ಹಳೇ ಚೀಟಿ. ಒಂದು ಅಂಗಡಿಯಲ್ಲಿ ಸ್ಟಾಕಿಲ್ಲ, ಇನ್ನೊಂದರಲ್ಲಿ ಹೊಸ ಚೀಟಿ ತನ್ನಿ ಅಂದ್ರು. ಬೆಂಗಳೂರಿಗೆ ಬಸ್ಸಿಲ್ಲ, ರೈಲಿಲ್ಲ. ಮೇ ಕೊನೆಯಲ್ಲಿ ಕಾಯಿಲೆ ಕೆರಳಿತು. ಕೈ, ಮಂಡಿ, ಪಾದ ಎಲ್ಲ. ಮೂರು ವಾರ ಅವಳನ್ನ ಬಚ್ಚಲಿಗೆ ನಾನೇ ಎತ್ತಿ ಕರ್ಕೊಂಡು ಹೋದೆ. ಎರಡು ಹಸುವಿನಲ್ಲಿ ಒಂದನ್ನ ಮಾರಿದ್ವಿ.

ಔಷಧಿ ತಗೊಳ್ತಾ ಇದ್ದರೂ ಈ ಕಾಯಿಲೆ ಆಗಾಗ ಕೆರಳುತ್ತೆ. ಸೋಂಕಾದಾಗ, ಮಾತ್ರೆ ತಪ್ಪಿದಾಗ, ಕೆಲವು ಸಲ ಕಾರಣವೇ ಇಲ್ಲದೆ. ನಮ್ಮ ಅಪಾಯಿಂಟ್‌ಮೆಂಟ್ ಮೂರು ತಿಂಗಳಿಗೊಂದು. ಕಾಯಿಲೆ ಕ್ಯಾಲೆಂಡರ್ ನೋಡ್ಕೊಂಡು ಕೆರಳಲ್ಲ. ನಡುವೆ ಕೆರಳಿದರೆ ಏನು ಮಾಡಬೇಕು ಅನ್ನೋದು ಗೊತ್ತಿಲ್ಲದೆ ಇರೋದೇ ದೊಡ್ಡ ತೊಂದರೆ. ಲಾಕ್‌ಡೌನ್ ಮುಗಿದ ಮೇಲೆ ಡಾಕ್ಟರ ಹತ್ರ ಕೂತು ಒಂದು ಹಾಳೆ ಬರೆಸ್ಕೊಂಡ್ವಿ. ಬಿಗಿತ ಎಷ್ಟು ಹೊತ್ತು ಇದ್ದರೆ, ಎಷ್ಟು ಗೆಣ್ಣು ಊದಿದರೆ ಫೋನ್ ಮಾಡಬೇಕು, ಯಾರಿಗೆ ಮಾಡಬೇಕು. ಯಾವ ಮಾತ್ರೆ ಎಷ್ಟು ದಿನ, ಹೇಗೆ ಇಳಿಸ್ತಾ ಬಿಡಬೇಕು. ಜ್ವರ, ಕೆಮ್ಮು ಇದ್ದರೆ ವಾರದ ಮಾತ್ರೆ ಕೇಳದೆ ನುಂಗಬಾರದು. ಇಷ್ಟೇ. ಹೋದ ವರ್ಷ ಕುಯ್ಲಿನಲ್ಲಿ ಮತ್ತೆ ಕೆರಳಿತು. ಎರಡನೇ ದಿನವೇ ಫೋನ್ ಮಾಡಿದ್ವಿ, ಹತ್ತು ದಿನದಲ್ಲಿ ಹಿಡಿತಕ್ಕೆ ಬಂತು. ಅದೇ ಹೆಂಗಸು, ಅದೇ ಕಾಯಿಲೆ. ವ್ಯತ್ಯಾಸ ಒಂದು ಹಾಳೆ.

ಆ ಹಾಳೆಯಲ್ಲಿರೋ ಮಾತ್ರೆ, ಲೆಕ್ಕ ನಾನು ಇಲ್ಲಿ ಹಾಕಲ್ಲ, ಕೇಳಬೇಡಿ. ಅದು ಅವಳ ಮೈಗೆ ಬರೆದದ್ದು. ನಿಮ್ಮ ಮನೆಯೋರಿಗೆ ನಿಮ್ಮ ಡಾಕ್ಟರೇ ಬರೀಬೇಕು. ಮುಂದಿನ ಸಲ ಹೋದಾಗ "ನಡುವೆ ಕೆರಳಿದರೆ ಏನು ಮಾಡ್ಲಿ, ಬರೆದುಕೊಡಿ" ಅಂತ ಕೇಳಿ. ಬಾಯಲ್ಲಿ ಹೇಳಿದ್ದು ರೈಲಿಳಿಯೋ ಹೊತ್ತಿಗೆ ಮರೆತಿರುತ್ತೆ.

ತಪ್ಪೆಲ್ಲ ನಮ್ಮ ಮೇಲೇ ಹಾಕ್ಕೊಂಡು ಸುಮ್ಮನಾಗೋದೂ ಸರಿಯಲ್ಲ. ಮೆಥೋಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡೂ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಹಳೆಯ ಔಷಧಿಗಳು, ದುಬಾರಿಯಲ್ಲ. ಖರ್ಚಾಗೋದು ಬೆಂಗಳೂರಿನ ಓಡಾಟಕ್ಕೆ, ರಕ್ತ ಪರೀಕ್ಷೆಗೆ, ಎರಡು ದಿನದ ಕೆಲಸ ಕೆಟ್ಟದ್ದಕ್ಕೆ. ಆಯುಷ್ಮಾನ್ ಕಾರ್ಡ್ ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದರೆ ಕೆಲಸಕ್ಕೆ ಬರುತ್ತೆ, ಹಾಸಿಗೆ ಹಿಡಿಯದ ಹಾಗೆ ತಿಂಗಳು ತಿಂಗಳು ನುಂಗೋ ಮಾತ್ರೆಗೆ ಬರಲ್ಲ. ಸಕ್ಕರೆ, ಬಿಪಿ ಮಾತ್ರೆ ಊರಿನ ಆಸ್ಪತ್ರೆಯಲ್ಲೇ ಕೊಡೋ ಹಾಗೆ ಇದನ್ನ ತಾಲೂಕು ಆಸ್ಪತ್ರೆಯಲ್ಲಾದರೂ ಇಡಬೇಕು. ರಕ್ತ ಪರೀಕ್ಷೆ ಅಲ್ಲೇ ಆಗಬೇಕು. ತಿಂಗಳಿಗೊಂದು ದಿನ ಕೀಲುರೋಗದ ಡಾಕ್ಟರು ಬರಲಿ, ಬರೋಕಾಗದಿದ್ದರೆ ಇ-ಸಂಜೀವನಿಯಲ್ಲಾದರೂ ಸಿಗಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನ ಅರ್ಜಿ ಮಾಡಿ ಕೊಡ್ತೀನಿ. ಚರಂಡಿ, ಬೀದಿ ದೀಪದ ಜೊತೆ ಇದೂ ನಡಾವಳಿಯಲ್ಲಿ ಸೇರಲಿ. ನೀವೂ ಬಂದು ಸಹಿ ಹಾಕಿ.

ಕೊನೇ ಮಾತು ಗಂಡಸರಿಗೆ. ಕೆಚ್ಚಲು ಬಾವಾದ ಹಸುವನ್ನ "ನಾಳೆ ನೋಡೋಣ" ಅಂತ ಬಿಟ್ಟರೆ ಒಂದು ಮೊಲೆ ಹೋಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹಾಲು ಕರೆಯೋ ಕೈ ಊದಿದಾಗಲೂ ಲೆಕ್ಕ ಅದೇ. ಮನೆಯಲ್ಲಿ ಹೆಂಡತಿಯೋ ತಾಯಿಯೋ ಸೊಸೆಯೋ ಬೆಳಗ್ಗೆ ಎದ್ದು ಕೈ ಬಿಸಿನೀರಲ್ಲಿ ಇಟ್ಕೊಂಡು ಕೂತಿದ್ದರೆ, ಎರಡೂ ಕೈ ಊದಿದ್ದರೆ, ಹೀಗೇ ಐದಾರು ವಾರ ಆಗಿದ್ದರೆ ಪುಡಿ ಹುಡುಕಬೇಡಿ. ಕುಯ್ಲು ಮುಗಿಯೋಕೂ ಕಾಯಬೇಡಿ. ರಾಗಿ ಇನ್ನೆರಡು ದಿನ ಹೊಲದಲ್ಲೇ ನಿಂತಿರುತ್ತೆ.

ಡೇರಿಯಲ್ಲಿ ಸಿಕ್ಕ ಆ ಹೆಣ್ಣುಮಗಳ ಗಂಡನಿಗೆ ನಿನ್ನೆ ಸಂಜೆ ಫೋನ್ ಮಾಡಿದ್ದೆ. "ಈ ಕೊಯ್ಲು ಕಾಯಿ ಸುಲಿಸಿಬಿಡ್ತೀನಿ ಅಣ್ಣ, ಆಮೇಲೆ ಹೋಗ್ತೀವಿ" ಅಂದ. ಸೋಮವಾರದ ರೈಲಿಗೆ ನಾನೂ ಜೊತೆಗೆ ಬರ್ತೀನಿ ಅಂದೆ. ಕಾಯಿ ಸುಲಿಸೋಕೆ ಅವತ್ತು ಯಾರಾದರೂ ಇಬ್ಬರು ಅವನ ತೋಟಕ್ಕೆ ಹೋಗೋಕಾಗುತ್ತಾ? ಆಗೋರು ನನಗೆ ಫೋನ್ ಮಾಡಿ.