ಅವ್ವನ ಕೂದಲಿಗೆ ವಜ್ರದ ಹಂಗೇಕೆ?

ತೀರಿಕೊಂಡವರ ಕೂದಲಿನಿಂದ ವಜ್ರ ಮಾಡಿಕೊಡುತ್ತೇವೆ ಎನ್ನುವ ವ್ಯಾಪಾರ ಈಗ ನಮ್ಮ ಮೊಬೈಲಿನವರೆಗೂ ಬಂದಿದೆ. ಅಮೆರಿಕದ ಲೈಫ್‌ಜೆಮ್, ಸ್ವಿಟ್ಜರ್ಲೆಂಡಿನ ಅಲ್ಗೋರ್ಡಾನ್ಜಾದಂಥ ಕಂಪನಿಗಳು ಈ ಶತಮಾನದ ಮೊದಲ ವರ್ಷಗಳಲ್ಲಿ ಶುರು ಮಾಡಿದ ಕಸುಬು ಇದು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಜ್ರ ಸುಳ್ಳಲ್ಲ. ಅದರಲ್ಲಿ ನಿಮ್ಮವರು ಇದ್ದಾರೆ ಅನ್ನುವುದು ಮಾತ್ರ ಕೊಂಡವರು ಪರೀಕ್ಷಿಸಿ ನೋಡಲಾಗದ ಮಾತು. ಅದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ: ಕೂದಲಿನಲ್ಲಿ ನಿಜವಾಗಿ ಉಳಿದಿದ್ದ ನಿಮ್ಮವರನ್ನು ಪೂರ್ತಿ ಅಳಿಸಿದ ಮೇಲೆಯೇ ಆ ವಜ್ರ ಹುಟ್ಟುತ್ತದೆ.

ಇದನ್ನು ಬರೆಯಲು ಕಾರಣ ಪುಣೆಯಲ್ಲಿ ನಮ್ಮದೇ ಸೊಸೈಟಿಯಲ್ಲಿರುವ ಗದಗಿನ ಕಡೆಯ ಗೆಳೆಯ. ಅವನ ತಾಯಿ ತೀರಿಕೊಂಡಾಗ ಅವನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಅವ್ವನ ಒಂದಿಷ್ಟು ಕೂದಲನ್ನು ತೆಗೆದಿಟ್ಟಿದ್ದಳು. ತಿಂಗಳೊಪ್ಪತ್ತಿನಲ್ಲಿ ಒಂದು ಕಂಪನಿಯ ಕೊಟೇಶನ್ ಹಿಡಿದುಕೊಂಡು ಬಂದ. ಮೊತ್ತ ಲಕ್ಷಗಳಲ್ಲಿತ್ತು. 'ನೀ ಎಂಟೆಕ್ ಮಾಡೀಯಲ್ಲ, ಇದು ಖರೇನೋ ಸುಳ್ಳೋ ಹೇಳಪಾ' ಅಂದ. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಈ ಜಾಹೀರಾತಿನ ನಿಜವಾದ ಗಿರಾಕಿಗಳು ನಾವೇ. ಊರಿಗೆ ದೂರ, ಸಂಬಳಕ್ಕೆ ತೊಂದರೆಯಿಲ್ಲ, ಕೊನೆಗಳಿಗೆಯಲ್ಲಿ ಹತ್ತಿರ ಇರಲಿಲ್ಲ ಎಂಬ ಕೊರಗು ಮಾತ್ರ ಬೇಕಾದಷ್ಟಿದೆ. ಆ ಕೊರಗಿಗೆ ಯಾರೋ ಕ್ಯಾರಟ್ ಲೆಕ್ಕದಲ್ಲಿ ದರ ಕಟ್ಟಿದ್ದಾರೆ.

ಮೊದಲು ಇದು ಹೇಗೆ ಆಗುತ್ತದೆ ನೋಡೋಣ. ಕೂದಲು ಎಂದರೆ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನು. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಉಳಿದದ್ದು ಆಮ್ಲಜನಕ, ಸಾರಜನಕ, ಜಲಜನಕ, ಗಂಧಕ. ಚಿತೆಯ ಬೂದಿಗಿಂತ ಕೂದಲೇ ಈ ಕೆಲಸಕ್ಕೆ ಅನುಕೂಲ, ಯಾಕೆಂದರೆ ಬೂದಿಯಲ್ಲಿ ಉಳಿಯುವುದು ಮುಖ್ಯವಾಗಿ ಎಲುಬಿನ ಕ್ಯಾಲ್ಸಿಯಂ ಫಾಸ್ಫೇಟ್. ದೇಹದ ಇಂಗಾಲದ ಬಹುಪಾಲು ಅಷ್ಟರಲ್ಲಿ ಹೊಗೆಯಾಗಿ ಹೋಗಿರುತ್ತದೆ.

ಕೂದಲನ್ನು ಗಾಳಿ ತಾಗದಂತೆ ಕಾಯಿಸುತ್ತಾರೆ. ಸಾರಜನಕ, ಗಂಧಕ, ನೀರು ಎಲ್ಲ ಅನಿಲವಾಗಿ ಹೋಗುತ್ತವೆ. ಹೋಗುವಾಗ ಒಂದಷ್ಟು ಇಂಗಾಲವನ್ನೂ ಎಳೆದುಕೊಂಡು ಹೋಗುತ್ತವೆ. ಉಳಿದ ಕಪ್ಪು ಪುಡಿಯನ್ನು ಶುದ್ಧಿ ಮಾಡಿ, 2,000 ಡಿಗ್ರಿಗೂ ಮೀರಿ ಕಾಯಿಸಿದರೆ ಗ್ರಾಫೈಟ್ ಸಿಗುತ್ತದೆ, ಅಂದರೆ ಪೆನ್ಸಿಲ್ ಕಡ್ಡಿಯ ಸರಕು. ಇದನ್ನು ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ನಂಥ ಲೋಹಗಳ ಜೊತೆ ಒಂದು ಸಣ್ಣ ಕೋಶದಲ್ಲಿ ತುಂಬಿ ದೊಡ್ಡ ಪ್ರೆಸ್ಸಿನೊಳಗೆ ಇಡುತ್ತಾರೆ. ಒತ್ತಡ ನಮ್ಮ ಸುತ್ತಲಿನ ಗಾಳಿಯ 50,000 ಪಟ್ಟಿಗೂ ಹೆಚ್ಚು, ತಾಪ 1,300ರಿಂದ 1,600 ಡಿಗ್ರಿಯ ಆಸುಪಾಸು. ಲೋಹ ಕರಗುತ್ತದೆ, ಇಂಗಾಲ ಅದರಲ್ಲಿ ಪಾಕದೊಳಗಿನ ಸಕ್ಕರೆಯಂತೆ ಕರಗಿ, ಕೋಶದ ತುಸು ತಣ್ಣಗಿನ ಕಡೆ ಸರಿದು ಹರಳುಗಟ್ಟುತ್ತದೆ. ಇದಕ್ಕೆ ದಿನಗಳಿಂದ ವಾರಗಳವರೆಗೆ ಹಿಡಿಯಬಹುದು. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಮಾಡಿ ತೋರಿಸಿದ ವಿದ್ಯೆಯ ಮುಂದುವರಿಕೆ ಇದು. ಇದರಲ್ಲಿ ಮೋಸವೂ ಇಲ್ಲ, ಮಂತ್ರವೂ ಇಲ್ಲ.

ಈಗ ಜಾಹೀರಾತು ದನಿ ತಗ್ಗಿಸಿ ಹೇಳುವ ಎರಡು ಮಾತು. ಒಂದು, ಆ ಹರಳು ಬೆಳೆಯಲು ಬೀಜವಾಗಿ ಒಂದು ಚೂರು ವಜ್ರವನ್ನು ಮೊದಲೇ ಇಟ್ಟಿರುತ್ತಾರೆ. ಆ ಬೀಜ ನಿಮ್ಮ ತಾಯಿಯದಲ್ಲ. ಎರಡು, ಬಣ್ಣ. ಒಳಗೆ ಸಾರಜನಕ ಸೇರಿದರೆ ಹಳದಿ, ಬೋರಾನ್ ಸೇರಿದರೆ ನೀಲಿ, ಸಾರಜನಕವನ್ನು ಹೀರುವ ಟೈಟೇನಿಯಂ, ಅಲ್ಯೂಮಿನಿಯಂನಂಥ ಲೋಹ ಹಾಕಿದರೆ ಬಿಳಿ. ಬಣ್ಣ ಯಾವುದಿರಲಿ ಎಂದು ಆರ್ಡರ್ ಫಾರಂನಲ್ಲಿ ನಿಮ್ಮನ್ನೇ ಕೇಳುತ್ತಾರೆ. ಬಣ್ಣ ನೀವು ಆರಿಸಿದ್ದು, ಆಕಾರ ಸಾಣೆಯವನು ಕೊಟ್ಟದ್ದು, ಬೀಜ ಕಾರ್ಖಾನೆಯದ್ದು. ಹಾಗಾದರೆ ಅವ್ವನದು ಎನ್ನಲು ಉಳಿದದ್ದು ಇಂಗಾಲ ಮಾತ್ರ.

ಆ ಇಂಗಾಲದ ಲೆಕ್ಕ ಹಾಕೋಣ. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಗೆ ಬಿಡುತ್ತಾನೆ. ಅದರಲ್ಲಿ 270 ಗ್ರಾಂನಷ್ಟು ಇಂಗಾಲ ಇದೆ, ಅಂದರೆ ತೂಕದಲ್ಲಿ 1,300 ಕ್ಯಾರಟ್ಟಿಗೂ ಮೇಲೆ. ನಿಮ್ಮವ್ವ ಒಂದೇ ದಿನದಲ್ಲಿ ಹಿತ್ತಲ ಕರಿಬೇವಿಗೆ, ಪಕ್ಕದ ಮನೆಯ ತೆಂಗಿಗೆ, ಗಾಳಿಗೆ ಅಷ್ಟನ್ನು ಪುಕ್ಕಟೆ ಹಂಚುತ್ತಿದ್ದಳು. ಇಂಗಾಲ ಅವಳಲ್ಲಿ ನಿಂತ ನೀರಾಗಿರಲಿಲ್ಲ; ಹರಿಯುವ ಹೊಳೆಯಾಗಿತ್ತು. ನಿನ್ನೆಯ ರೊಟ್ಟಿ ಇವತ್ತಿನ ಉಸಿರು. ಇಂಗಾಲದ ಒಂದು ಪರಮಾಣುವಿನ ಮೇಲೆ ಅದು ಯಾರ ಮನೆಯದು ಎಂದು ಬರೆದಿರುವುದಿಲ್ಲ.

ಹಾಗಾದರೆ ಪರೀಕ್ಷೆ ಮಾಡಿ ಕಂಡುಹಿಡಿಯಲು ಬರುವುದೇ ಇಲ್ಲವೇ? ಒಂದಿಷ್ಟು ಬರುತ್ತದೆ, ಅದು ಸ್ವಾರಸ್ಯವಾಗಿಯೂ ಇದೆ. ಜೋಳ, ಸಜ್ಜೆ, ರಾಗಿ, ಕಬ್ಬು ಇವು ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಒಂದು. ಅಕ್ಕಿ, ಗೋಧಿಯ ರೀತಿ ಇನ್ನೊಂದು. ಆದ್ದರಿಂದ ಮೊದಲ ಗುಂಪಿನಲ್ಲಿ ಇಂಗಾಲ-13 ಎಂಬ ತುಸು ಭಾರದ ಇಂಗಾಲದ ಪಾಲು ಸ್ವಲ್ಪ ಹೆಚ್ಚು. ಅದು ತಿಂದವರ ಕೂದಲಿಗೂ ಬರುತ್ತದೆ. ರೊಟ್ಟಿ ಉಂಡವರ ಕೂದಲನ್ನೂ ಅನ್ನ ಉಂಡವರ ಕೂದಲನ್ನೂ ಒಳ್ಳೆಯ ಪ್ರಯೋಗಾಲಯ ಬೇರ್ಪಡಿಸಿ ಹೇಳಬಲ್ಲದು. ಆದರೆ ಗದಗ ಜಿಲ್ಲೆಯಲ್ಲಿ ಜೋಳದ ರೊಟ್ಟಿ ತಿಂದವರು ಒಬ್ಬರೇ ಇಲ್ಲವಲ್ಲ! ಇಂಗಾಲ ಹೆಚ್ಚೆಂದರೆ ಊಟದ ತಟ್ಟೆಯನ್ನು ತೋರಿಸುತ್ತದೆ, ಉಂಡವರ ಮುಖವನ್ನು ತೋರಿಸುವುದಿಲ್ಲ. ವಜ್ರದ ಜೊತೆ ಬರುವ ರತ್ನ ಪ್ರಯೋಗಾಲಯದ ಪತ್ರವೂ ಅಷ್ಟೇ. ಅದು ತೂಕ, ಬಣ್ಣ, ಸ್ವಚ್ಛತೆ, ಸಾಣೆ ಹೇಳುತ್ತದೆ. ಯಾರ ಕೂದಲು ಎಂದು ಹೇಳುವುದು ಮಾರುವವರ ಪತ್ರ ಮಾತ್ರ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವವನು. ನಮ್ಮಲ್ಲಿ ಗಿರಾಕಿ ಹಣ ಕೊಡುವ ಮೊದಲು ಒಪ್ಪಿಗೆಯ ಪರೀಕ್ಷೆ ಅಂತ ಒಂದು ಇರುತ್ತದೆ: ಹೇಳಿದ್ದನ್ನು ಮಾಡಿದ್ದೀರಾ, ತೋರಿಸಿ. ಕೂದಲಿನ ವಜ್ರಕ್ಕೆ ಅಂಥ ಪರೀಕ್ಷೆ ಕೊಳ್ಳುವವರ ಕೈಯಲ್ಲಿ ಇಲ್ಲ. ಯಾರನ್ನೂ ಮೋಸಗಾರ ಎನ್ನುತ್ತಿಲ್ಲ. ಪ್ರಾಮಾಣಿಕನಿಗೂ ಅಪ್ರಾಮಾಣಿಕನಿಗೂ ನಡುವೆ ಗಿರಾಕಿಗೆ ಯಾವ ವ್ಯತ್ಯಾಸವೂ ಕಾಣದ ವ್ಯಾಪಾರ ಇದು ಎನ್ನುತ್ತಿದ್ದೇನೆ. ಅಂಥ ಕಡೆ ನಿಯತ್ತಿನವರು ಬಹಳ ದಿನ ಬಾಳುವುದು ಕಷ್ಟ.

ಇದಕ್ಕಿಂತ ದೊಡ್ಡ ನಷ್ಟದ ಉದಾಹರಣೆ ಬೀಥೋವನ್. ಆತ ಸತ್ತದ್ದು 1827ರಲ್ಲಿ. ಆತನದೆಂದು ಹೇಳುವ ಕೂದಲಿನ ಕುಚ್ಚುಗಳನ್ನು ಜನ ಸುಮಾರು ಇನ್ನೂರು ವರ್ಷ ಜೋಪಾನ ಮಾಡಿದರು. 2007ರಲ್ಲಿ ಲೈಫ್‌ಜೆಮ್ ಅಂಥ ಕೂದಲಿನಿಂದ ವಜ್ರ ಮಾಡಿತು. ಅದರಲ್ಲಿ ಒಂದು 2 ಲಕ್ಷ ಡಾಲರಿಗೂ ಮೀರಿ ಹರಾಜಾಯಿತು. ಅಲ್ಲಿಗೆ ಆ ಕೂದಲಿನ ಕಥೆ ಮುಗಿಯಿತು. ಆದರೆ ಕೂದಲಾಗಿಯೇ ಉಳಿದ ಕುಚ್ಚುಗಳ ಕಥೆ ಮುಗಿಯಲಿಲ್ಲ. 2023ರಲ್ಲಿ ವಿಜ್ಞಾನಿಗಳು ಅಂಥ ಎಂಟು ಕುಚ್ಚುಗಳ ಡಿಎನ್‌ಎ ಓದಿದರು. ಐದು ಒಬ್ಬನೇ ವ್ಯಕ್ತಿಯವು, ಬೀಥೋವನ್‌ದೇ ಎಂದು ಒಪ್ಪಬಹುದಾದವು. ಯಕೃತ್ತಿನ ಕಾಯಿಲೆಗೆ ಆತನಲ್ಲಿದ್ದ ಆನುವಂಶಿಕ ಒಲವು, ಹೆಪಟೈಟಿಸ್ ಬಿ ಸೋಂಕಿನ ಗುರುತು ಎರಡೂ ಸಿಕ್ಕವು. ಎಲ್ಲಕ್ಕಿಂತ ಹೆಸರಾಗಿದ್ದ ಇನ್ನೊಂದು ಕುಚ್ಚು, ಆತನಿಗೆ ಸೀಸದ ವಿಷವೇರಿತ್ತು ಎಂಬ ವಾದಕ್ಕೆ ಆಧಾರವಾಗಿದ್ದದ್ದು, ಒಬ್ಬ ಹೆಂಗಸಿನ ಕೂದಲು ಎಂದು ಗೊತ್ತಾಯಿತು!

ಈ ಎರಡನ್ನು ಪಕ್ಕದಲ್ಲಿಟ್ಟು ನೋಡಿ. ಕೂದಲು ಇನ್ನೂರು ವರ್ಷದ ಮೇಲೂ ಮಾತಾಡಿತು. ತನ್ನ ಬಗ್ಗೆ ಹೇಳಿದ್ದ ಸುಳ್ಳನ್ನೂ ತಾನೇ ಬಯಲು ಮಾಡಿತು. ಆ ಹೆಂಗಸಿನ ಕುಚ್ಚನ್ನು ವಜ್ರ ಮಾಡಿಸಿದ್ದರೆ ಅದು ಎಂದೆಂದಿಗೂ ಬೀಥೋವನ್ ಆಗಿಯೇ ಹೊಳೆಯುತ್ತಿತ್ತು. ಕೂದಲಿನಲ್ಲಿ ವಂಶದ ಗುರುತಿದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುವುದರಿಂದ ಉಂಡದ್ದರ, ಕುಡಿದ ಔಷಧಿಯ ದಿನಚರಿಯಿದೆ. ಗುಂಗುರಿದೆ, ನರೆಯಿದೆ, ಮೆಹಂದಿಯ ಕೆಂಪಿದೆ. ಕಾರ್ಖಾನೆ ಇದನ್ನೆಲ್ಲ ಕಲ್ಮಶ ಎಂದು ಹೊರಗೆ ಹಾಕುತ್ತದೆ. ಅವ್ವನನ್ನು ಅವ್ವನನ್ನಾಗಿ ಮಾಡಿದ್ದೇ ಆ ಕಲ್ಮಶ.

'ನಂಬಿಕೆಯ ವಿಷಯದಲ್ಲಿ ಲೆಕ್ಕ ಕೇಳಬಾರದು' ಅನ್ನುವವರಿದ್ದಾರೆ. ಒಪ್ಪುತ್ತೇನೆ. ಗೋಕರ್ಣದಲ್ಲಿ ಪಿಂಡ ಇಟ್ಟವರನ್ನು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟವರನ್ನು ನಾನು ಲೆಕ್ಕ ಕೇಳುವುದಿಲ್ಲ. ಅಲ್ಲಿ ಯಾರೂ ಶುದ್ಧತೆಯ ಸರ್ಟಿಫಿಕೇಟ್ ಕೊಡುವುದಿಲ್ಲ. ಈ ವ್ಯಾಪಾರ ಬರುವುದು ವಿಜ್ಞಾನದ ಕೋಟು ಹಾಕಿಕೊಂಡು, ಬಿಲ್ಲು ಕೈಯಲ್ಲಿ ಹಿಡಿದು. ಬಿಲ್ಲು ಕೊಡುವವರನ್ನು ಲೆಕ್ಕ ಕೇಳುವುದು ಗಿರಾಕಿಯ ಹಕ್ಕು.

'ಮನಸ್ಸಿಗೆ ಸಮಾಧಾನ ಸಿಗುತ್ತದೆ, ನಿಮಗೇನು ನಷ್ಟ?' ಇದು ಹೆಚ್ಚು ಗಟ್ಟಿಯಾದ ಪ್ರಶ್ನೆ. ದುಃಖದಲ್ಲಿ ಕೈಗೆ ಏನೋ ಒಂದು ಬೇಕಾಗುತ್ತದೆ, ನಿಜ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1861ರಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಕೂದಲನ್ನು ಲಾಕೆಟ್ಟಿನಲ್ಲಿಟ್ಟು ಧರಿಸುತ್ತಿದ್ದಳು. ಆದರೆ ಅದು ಕೂದಲಾಗಿಯೇ ಇತ್ತು, ತೆರೆದರೆ ಕಾಣುತ್ತಿತ್ತು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಅಜ್ಜಿ ಬಾಚಿದಾಗ ಉದುರಿದ ಕೂದಲನ್ನು ಕೂಡಿಸಿ ಕಟ್ಟಿಸಿಕೊಂಡಿದ್ದ ಚೌರಿ ಇವತ್ತಿಗೂ ಊರಿನ ಟ್ರಂಕಿನಲ್ಲಿದೆ. ಕೊಬ್ಬರಿ ಎಣ್ಣೆಯ ಹಳೆಯ ವಾಸನೆ ಅದಕ್ಕಿದೆ. ಅದನ್ನು ಯಾರೂ ಕದಿಯುವುದಿಲ್ಲ, ಅದಕ್ಕೆ ವಿಮೆ ಬೇಕಿಲ್ಲ, ಅದು ಅಜ್ಜಿಯದೇ ಎಂಬುದಕ್ಕೆ ಪತ್ರವೂ ಬೇಕಿಲ್ಲ. ಸಮಾಧಾನ ಸಿಗುವುದು ನಮ್ಮ ನೆನಪಿನಿಂದಲೇ ಆದರೆ ಕೂದಲನ್ನು ಸುಡದೆಯೂ ಅದು ಸಿಗುತ್ತದೆ.

ಬೆಲೆಯ ಮಾತಿಗೆ ಬರೋಣ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸುವುದೇ ಒಂದು ಉದ್ಯಮ. ಬಾಚಣಿಕೆಗೆ ಸಿಕ್ಕ ಕೂದಲನ್ನು ಮನೆಮನೆಯಿಂದ ಪಾತ್ರೆ, ಪಿನ್ನು ಕೊಟ್ಟು ಕೊಂಡು ತರುತ್ತಾರೆ. ಹೆಣ್ಣುಮಕ್ಕಳು ಕೂತು ಎಳೆ ಎಳೆಯಾಗಿ ಬಿಡಿಸುತ್ತಾರೆ. ಇತ್ತ ಸೂರತ್ ದೇಶದ ಲ್ಯಾಬ್ ವಜ್ರದ ದೊಡ್ಡ ಕೇಂದ್ರ. ಕೆಲವು ವರ್ಷಗಳಲ್ಲಿ ಲ್ಯಾಬ್ ವಜ್ರದ ಬೆಲೆ ಭಾರೀ ಕುಸಿದಿದೆ. ಕೂದಲೂ ಅಗ್ಗ, ವಜ್ರವೂ ಅಗ್ಗ. ಹಾಗಿದ್ದರೆ ನೀವು ಕೊಡುವ ಲಕ್ಷಗಳಲ್ಲಿ ಬಹುಪಾಲು ಯಾತಕ್ಕೆ? 'ಇದು ನಿಮ್ಮವರು' ಎಂಬ ಒಂದು ವಾಕ್ಯಕ್ಕೆ.

'ಶಾಶ್ವತ' ಎಂಬ ಮಾತೂ ಇದೆ. ವಜ್ರ ಶಾಶ್ವತ ಎಂಬುದು ಡಿ ಬಿಯರ್ಸ್ ಕಂಪನಿಗಾಗಿ 1947ರಲ್ಲಿ ಫ್ರಾನ್ಸಿಸ್ ಜೆರೆಟಿ ಎಂಬ ಜಾಹೀರಾತು ಬರಹಗಾರ್ತಿ ಬರೆದ ಸಾಲು, ಉಪನಿಷತ್ತಿನದಲ್ಲ. ವಜ್ರ ಉರಿಯುತ್ತದೆ ಎಂದು 1770ರ ದಶಕದಲ್ಲೇ ಫ್ರಾನ್ಸಿನ ಲಾವೋಸಿಯೆ ತೋರಿಸಿದ್ದ. ಮನೆಗೆ ಬೆಂಕಿ ಬಿದ್ದರೆ ಆ ಹರಳೂ ಇಂಗಾಲದ ಡೈಆಕ್ಸೈಡ್ ಆಗಿ ಹೋಗಬಹುದು, ಅವ್ವನ ಚಿತೆಯ ಹೊಗೆ ಹೋದ ದಾರಿಯಲ್ಲೇ.

ಇಷ್ಟಾದರೂ ಮಾಡಿಸಲೇಬೇಕು ಎನ್ನುವವರು ಹಣ ಕಟ್ಟುವ ಮೊದಲು ಲಿಖಿತವಾಗಿ ಕೇಳಿ. ನನ್ನ ಕೂದಲಿನಿಂದ ಎಷ್ಟು ಮಿಲಿಗ್ರಾಂ ಇಂಗಾಲ ಸಿಕ್ಕಿತು? ಹೊರಗಿನ ಇಂಗಾಲ ಎಷ್ಟು ಬೆರೆಸಿದಿರಿ? ಬೀಜದ ತೂಕ ಎಷ್ಟು? ಪ್ರೆಸ್ಸಿನಲ್ಲಿ ನನ್ನದೊಂದೇ ಕೋಶ ಇತ್ತೋ, ಬೇರೆಯವರದೂ ಇತ್ತೋ? ಮಿಕ್ಕ ಇಂಗಾಲವನ್ನು ವಾಪಸು ಕೊಡುತ್ತೀರಾ? ಕೂದಲು ಮತ್ತು ಹರಳು ಎರಡರ ಇಂಗಾಲ-13ರ ಅಳತೆಯನ್ನು ಮೂರನೆಯವರ ಪ್ರಯೋಗಾಲಯದಲ್ಲಿ ಮಾಡಿಸುತ್ತೀರಾ? ಬಿಸ್ಕತ್ತಿನ ಪೊಟ್ಟಣದ ಮೇಲೆ ಗೋಧಿ ಹಿಟ್ಟು ಎಷ್ಟು ಶೇಕಡಾ ಎಂದು ಬರೆಯುವ ದೇಶದಲ್ಲಿ ಈ ವಜ್ರದ ಮೇಲೆ ಅವ್ವ ಎಷ್ಟು ಶೇಕಡಾ ಎಂದು ಬರೆಯುವುದು ಕಷ್ಟವಾಗಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಸ್ಪಷ್ಟ ಮಾತಿದೆ. ಅದನ್ನು ಈ ವ್ಯಾಪಾರಕ್ಕೂ ಹಚ್ಚಬೇಕು. ದುಃಖದಲ್ಲಿರುವ ಗಿರಾಕಿ ಚೌಕಾಸಿ ಮಾಡುವುದಿಲ್ಲ. ಆದ್ದರಿಂದಲೇ ಅವನಿಗೆ ಕಾನೂನಿನ ಬೆಂಬಲ ಹೆಚ್ಚು ಬೇಕು.

ಇಲ್ಲದಿದ್ದರೆ ಖರ್ಚಿಲ್ಲದ ದಾರಿ ಇದೆ. ಕೂದಲನ್ನು ಒಣಗಿದ ಕಾಗದದ ಲಕೋಟೆಯಲ್ಲಿ ಹಾಕಿ. ಮೇಲೆ ಹೆಸರು, ಊರು, ತಾರೀಖು ಬರೆಯಿರಿ. ಆ ಲಕ್ಷಗಳಲ್ಲಿ ಇನ್ನೂ ಇರುವವರನ್ನು ನೋಡಲು ಊರಿಗೆ ಎಷ್ಟು ಸಲ ಹೋಗಿಬರಬಹುದು ಎಂದು ಲೆಕ್ಕ ಹಾಕಿ, ಮೊದಲ ಟಿಕೆಟ್ ಇವತ್ತೇ ತೆಗೆಯಿರಿ.