ಹುಳ ತಿನ್ನುವ ಗಿಡಕ್ಕೆ ದುಡ್ಡು ಹಾಕುವ ಮುಂಚೆ

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಮನೆಗೆ ಒಂದು ರಟ್ಟಿನ ಡಬ್ಬ ಬಂತು. ಕಿರಿ ಮಗ ಮೊಬೈಲಿನಲ್ಲಿ ನೋಡಿ ತರಿಸಿದ್ದು. ಒಳಗೆ ಒದ್ದೆ ಪಾಚಿಯಲ್ಲಿ ಸುತ್ತಿದ ಬೆರಳುದ್ದದ ಗಿಡ. ನಾಲ್ಕು ಎಲೆ, ಎಲೆಯ ತುದಿಯಲ್ಲಿ ಹಲ್ಲು ಕಿರಿದಂಥ ಬಾಯಿ. ವೀನಸ್ ಫ್ಲೈಟ್ರ್ಯಾಪ್ ಅಂತ ಹೆಸರು. ನೊಣ ಕೂತರೆ ಬಾಯಿ ಮುಚ್ಚಿ ಅರಗಿಸಿಕೊಳ್ಳುತ್ತದೆ. ಗಿಡಕ್ಕೆ 550 ರೂಪಾಯಿ, ಅದರ ಜೊತೆ 20 ಬೀಜದ ಪೊಟ್ಟಣಕ್ಕೆ 150. ಏಳುನೂರು ರೂಪಾಯಿ ಅಂದರೆ ನಮ್ಮಂಥ ಒಣಬೇಸಾಯದವರಿಗೆ ಕಳೆ ಕೀಳುವ ಎರಡು ಆಳಿನ ಕೂಲಿ. ನಾನು ಏನೂ ಅನ್ನಲಿಲ್ಲ. ಬಂದ ಗಿಡವನ್ನು ಸಾಯಿಸಬಾರದು ಅಂತ ನಾನೇ ಮುಂದೆ ನಿಂತು ನೆಟ್ಟೆ. ಅಲ್ಲೇ ಕೆಟ್ಟಿದ್ದು.

ರಾಗಿ ಹೊಲದ ಕೆಂಪು ಮಣ್ಣು ತಂದೆ. ಮೂರು ವರ್ಷ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿದೆ. ದಿನಾ ಎರಡು ಹೊತ್ತು ಬೋರಿನ ನೀರು ಹಾಕಿದೆ. ಮೊಮ್ಮಕ್ಕಳು ಕಡ್ಡಿಯಲ್ಲಿ ತಿವಿದು ಬಾಯಿ ಮುಚ್ಚಿಸಿ ಮುಚ್ಚಿಸಿ ಆಟ ಆಡಿದರು. ಊರವರೆಲ್ಲ ಬಂದು ನೋಡಿದರು. ಪಕ್ಕದ ಹೊಲದವರು "ಇದು ತೆಂಗಿನ ನುಸಿ ತಿನ್ನುತ್ತೇನಪ್ಪಾ? ಹಂಗಾದ್ರೆ ನನಗೂ ನಾಕು ತರಿಸಿಕೊಡು" ಅಂದರು. ಹತ್ತೊಂಬತ್ತನೇ ದಿನಕ್ಕೆ ಗಿಡ ಕರ್ರಗಾಗಿ ಕೂತಿತು. ಬೀಜದ ಪೊಟ್ಟಣದ್ದು ಇನ್ನೊಂದು ಕಥೆ. ಇಪ್ಪತ್ತರಲ್ಲಿ ಎರಡು ಮೊಳೆತವು, ಎರಡೂ ಗರಿಕೆಯಂಥ ಹುಲ್ಲು. ಮಾರಿದವರಿಗೆ ಮಗ ಫೋನು ಮಾಡಿದ, ಎತ್ತಲಿಲ್ಲ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಆ ಒಣಗಿದ ಕುಂಡ ಜಗಲಿಯ ಮೇಲೆ ಇದ್ದಾಗ ಹಾಸನದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಮೇಷ್ಟ್ರೊಬ್ಬರು ನಮ್ಮೂರ ಕಡೆ ಬಂದವರು ನೋಡಿ ನಕ್ಕರು. "ಯಜಮಾನ್ರೇ, ಅಮೆರಿಕದಿಂದ ತರಿಸೋದು ಯಾಕೆ? ಈ ಜಾತಿಯವು ನಿಮ್ಮ ಬದುವಿನ ಕೆಳಗೇ ಇರಬೇಕಲ್ಲ" ಅಂದರು. ಹಾಸನ ಜಿಲ್ಲೆಯ ಗಿಡಗಳ ಬಗ್ಗೆ ಸಾಲ್ಡಾನಾ ಮತ್ತು ನಿಕೋಲ್ಸನ್ ಅನ್ನುವವರು 1976ರಲ್ಲೇ ದಪ್ಪ ಪುಸ್ತಕ ಮಾಡಿದ್ದಾರೆ ಅಂತಲೂ ಹೇಳಿದರು. ಆಮೇಲೆ ಫೋನಿನಲ್ಲಿ ಡ್ರೋಸೆರಾ ಅನ್ನುವ ಗಿಡದ ಚಿತ್ರ ತೋರಿಸಿದರು. ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು.

ಅದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಕಳೆ. ನಮ್ಮ ಹೊಲದ ತಗ್ಗಿನ ತುದಿಯಲ್ಲಿ ಬಂಡೆಯ ಒಸರು ನೀರು ಹರಿಯುವ ಮೂಲೆ ಇದೆ. ಹಸ್ತ, ಚಿತ್ತೆ ಮಳೆ ಹೊತ್ತಿಗೆ ಅಲ್ಲಿ ಗರಸು ಮಣ್ಣಿನ ಮೇಲೆ ಒಂದು ರೂಪಾಯಿ ನಾಣ್ಯದಗಲದ ಕೆಂಪು ಚಕ್ರಗಳು ಅಂಟಿಕೊಂಡಂತೆ ಹುಟ್ಟುತ್ತಿದ್ದವು. ಎಲೆಯ ತುಂಬಾ ಕೂದಲು, ಕೂದಲ ತುದಿಗೆ ಒಂದೊಂದು ಹನಿ. ಹೊತ್ತೇರಿದರೂ ಆ ಹನಿ ಆರುವುದಿಲ್ಲ, ಯಾಕೆಂದರೆ ಅದು ಇಬ್ಬನಿ ಅಲ್ಲ, ಅಂಟು. ದನ ಕಾಯುವ ಹುಡುಗರು ನಾವು ಇರುವೆ ಹಿಡಿದು ಅದರ ಮೇಲೆ ಬಿಟ್ಟು ಕೂದಲು ಬಾಗುವುದನ್ನು ನೋಡುತ್ತಿದ್ದೆವು. ಅದಕ್ಕೆ ಹೆಸರಿದೆ, ಡಾರ್ವಿನ್ ಅಂಥ ದೊಡ್ಡ ಮನುಷ್ಯ ಇಂಥವುಗಳ ಮೇಲೆಯೇ 1875ರಲ್ಲಿ ಒಂದು ಪುಸ್ತಕ ಬರೆದ, ಅನ್ನುವುದೆಲ್ಲ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಎಲ್ಲಿ ಗೊತ್ತು?

ಎದೆ ಧಸಕ್ಕೆಂದಿದ್ದು ಯಾಕೆಂದರೆ ಆ ಮೂಲೆ ಈಗ ಇಲ್ಲ. ಐದು ವರ್ಷದ ಹಿಂದೆ ಕೆರೆ ಹೂಳು ತೆಗೆದಾಗ ಹನ್ನೆರಡು ಟ್ರ್ಯಾಕ್ಟರ್ ಗೋಡು ಮಣ್ಣು ತರಿಸಿ ಅಲ್ಲಿಗೆ ಸುರಿದು ಸಮ ಮಾಡಿದೆ. ರಾಗಿ ಚೆನ್ನಾಗಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆ ಕೆಂಪು ಚಕ್ರ ಮತ್ತೆ ಹುಟ್ಟಲಿಲ್ಲ. ಮೇಷ್ಟ್ರು ವಿವರಿಸಿದ ಮೇಲೆ ಅರ್ಥವಾಯಿತು. ಸಾರಜನಕವೇ ಇಲ್ಲದ ಬಡ ಮಣ್ಣಿನಲ್ಲಿ ಬದುಕಬೇಕಾಗಿದ್ದಕ್ಕೇ ಈ ಗಿಡ ಹುಳ ಹಿಡಿಯುವುದನ್ನು ಕಲಿತಿದ್ದು. ಅದಕ್ಕೆ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಮಿಕ್ಕಿದ್ದನ್ನು ಪಕ್ಕದ ಹುಲ್ಲು ಬೆಳೆದು ಮುಚ್ಚಿ ಸಾಯಿಸುತ್ತದೆ. ಫ್ಲೈಟ್ರ್ಯಾಪಿಗೆ ಕುಂಡದಲ್ಲಿ ಮಾಡಿದ್ದನ್ನೇ ನಾನು ಹೊಲದಲ್ಲೂ ಮಾಡಿದ್ದೆ. ಎರಡೂ ಕಡೆ ಒಳ್ಳೆಯದು ಮಾಡಲು ಹೋಗಿಯೇ.

ಈಗ ಕೊಳ್ಳುವ ಮಾತಿಗೆ ಬರುತ್ತೇನೆ, ಯಾಕೆಂದರೆ ಈ ಗಿಡಗಳ ಹುಚ್ಚು ಹಳ್ಳಿಗೂ ಬಂದಿದೆ. ನನ್ನ ಅಭಿಪ್ರಾಯ ಒಂದೇ: ಗಿಡದ ಬಾಯಿ ನೋಡಿ ಕೊಳ್ಳಬೇಡಿ, ನಿಮ್ಮೂರಿನ ನೀರು ಮತ್ತು ಗಾಳಿ ನೋಡಿ ಕೊಳ್ಳಿ.

ಫ್ಲೈಟ್ರ್ಯಾಪಿನ ಸ್ವಂತ ಊರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಜವುಗು ಭೂಮಿ. ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಹುಟ್ಟಿದ್ದಿಲ್ಲ. ಅಲ್ಲಿ ಬೇಸಗೆ ಬಿಸಿ, ಆದರೆ ಚಳಿಗಾಲದಲ್ಲಿ ಗಿಡ ಮೂರು ನಾಲ್ಕು ತಿಂಗಳು ಮುದುಡಿ ಮಲಗುತ್ತದೆ. ನಮ್ಮ ಪುಷ್ಯಮಾಸದ ಚಳಿ ಅದಕ್ಕೆ ಸಾಲದು. ನಿದ್ದೆಯಿಲ್ಲದ ಗಿಡ ವರ್ಷ ಎರಡು ವರ್ಷದಲ್ಲಿ ಸೊರಗಿ ಹೋಗುತ್ತದೆ. ಅದರ ಬಾಯಿಯೂ ಮಕ್ಕಳ ಆಟಕ್ಕಲ್ಲ. ಒಳಗಿನ ಕೂದಲನ್ನು ಇಪ್ಪತ್ತು ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಮುಚ್ಚುತ್ತದೆ. ಒಂದೊಂದು ಬಾಯಿ ಹೀಗೆ ಮುಚ್ಚಿ ತೆರೆಯುವುದು ಕೆಲವೇ ಸಲ, ಆಮೇಲೆ ಕರ್ರಗಾಗುತ್ತದೆ. ಕಾಡಿನಿಂದ ಕದ್ದು ಮಾರುವವರ ಕಾಟ ತಡೆಯಲಾರದೆ ಉತ್ತರ ಕೆರೊಲಿನಾದಲ್ಲಿ 2014ರಿಂದ ಅದನ್ನು ಕೀಳುವುದು ದೊಡ್ಡ ಅಪರಾಧ. ಸರಸೀನಿಯಾ ಅಂತ ಎದ್ದು ನಿಂತ ಕೊಳವೆಯ ಗಿಡವೂ ಅಲ್ಲಿಯದೇ. ಬಿಸಿಲು ತಡೆಯುತ್ತದೆ, ಆದರೆ ಅದಕ್ಕೂ ಚಳಿಯ ನಿದ್ದೆ ಬೇಕು.

ಮೂರನೆಯದು ಹೂಜಿ ಗಿಡ. ಎಲೆಯ ತುದಿಯಿಂದ ಮುಚ್ಚಳ ಇರುವ ಹೂಜಿ ನೇತಾಡುತ್ತದೆ. ಬೆಂಗಳೂರಿನ ನರ್ಸರಿಗಳಲ್ಲಿ ತೂಗುಕುಂಡಗಳಲ್ಲಿ ಸಿಗುವುದು ಬಹುಮಟ್ಟಿಗೆ ಮಿಶ್ರತಳಿ. ಬಿಸಿಸೀಮೆಯವರಿಗೆ ಹೊರಗಿನಿಂದ ಕೊಳ್ಳಲೇಬೇಕು ಅಂದರೆ ನನ್ನ ಓಟು ಇದಕ್ಕೆ. ಚಳಿಯ ನಿದ್ದೆ ಕೇಳುವುದಿಲ್ಲ, ಕೇಳುವುದು ಗಾಳಿಯಲ್ಲಿ ತೇವ. ನನ್ನ ಅಳಿಯನ ಮನೆ ಬೇಲೂರಿನಿಂದ ಅರೇಹಳ್ಳಿ ಕಡೆ. ಅವನು ತಂದ ಹೂಜಿ ಗಿಡ ಕಾಫಿಯ ನೆರಳಿನಲ್ಲಿ ವರ್ಷದ ಹೆಚ್ಚು ಕಾಲ ಹೂಜಿ ಬಿಡುತ್ತದೆ. ಅದರದೇ ಒಂದು ಕಡ್ಡಿ ಹಳೇಬೀಡಿನ ಹತ್ತಿರ ನನ್ನ ತಂಗಿ ಮನೆಯಲ್ಲಿದೆ, ಮಳೆಗಾಲದಲ್ಲಿ ಮಾತ್ರ ಬಿಡುತ್ತದೆ. ಇನ್ನೊಂದು ನನ್ನ ಹತ್ತಿರ ಅರಸೀಕೆರೆಯಲ್ಲಿ. ಎಲೆ ಬರುತ್ತದೆ, ಹೂಜಿಯ ಮೊಗ್ಗು ಕಡ್ಲೆಕಾಳಿನಷ್ಟಾಗಿ ಚೈತ್ರದ ಗಾಳಿಗೆ ಒಣಗುತ್ತದೆ. ಒಂದೇ ಜಿಲ್ಲೆ, ಒಂದೇ ಗಿಡದ ಮೂರು ತುಂಡು! ಹಾಗಾಗಿ "ಭಾರತದ ಹವಾಗುಣಕ್ಕೆ ಸೂಕ್ತ" ಅಂತ ಚೀಟಿ ಅಂಟಿಸಿದ್ದನ್ನು ನಂಬಬೇಡಿ.

ಹೂಜಿ ಗಿಡ ಕೊಳ್ಳುವಾಗ ಇನ್ನೊಂದು ಎಚ್ಚರ. ನಮ್ಮ ದೇಶದ್ದೇ ಒಂದು ಜಾತಿ ಮೇಘಾಲಯದ ಬೆಟ್ಟಗಳಲ್ಲಿದೆ. ಗಾರೋ ಜನ ಮೆಮಾಂಗ್ ಕೋಕ್ಸಿ ಅನ್ನುತ್ತಾರೆ, ದೆವ್ವದ ಬುಟ್ಟಿ ಅಂತ ಅರ್ಥವಂತೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಕಾಡಿನದ್ದು ಅಂತ ಹೆಚ್ಚು ಬೆಲೆಗೆ ಕೊಡಲು ಬಂದವರನ್ನು ಬಾಗಿಲಿನಿಂದಲೇ ಕಳಿಸಿ.

ಯಾವುದೇ ಆಗಲಿ, ನಮ್ಮ ಹಾಗೆ ಬೇಸಗೆಯಲ್ಲಿ ಅಂಚೆಯ ಮೂಲಕ ತರಿಸಬೇಡಿ. ಆರಿದ್ರಾ ಮಳೆ ಹಿಡಿದ ಮೇಲೆ ನರ್ಸರಿಗೇ ಹೋಗಿ, ಬೇರು ಬಿಟ್ಟ, ಹೊಸ ಎಲೆ ಬಿಡುತ್ತಿರುವ ಗಿಡ ತನ್ನಿ. ಅಂಗಾಂಶ ಕೃಷಿಯದ್ದೋ, ಕಡ್ಡಿಯಿಂದ ಮಾಡಿದ್ದೋ ಕೇಳಿ. ನೀಲಿ, ಹಳದಿ, ನೇರಳೆ ಬಾಯಿಯ ಚಿತ್ರ ಹಾಕಿ ಬೀಜ ಮಾರುತ್ತಾರಲ್ಲ, ಅದು ಚಿತ್ರಕ್ಕೆ ಬಣ್ಣ ಬಳಿದದ್ದು. ಮಣ್ಣು, ಗೊಬ್ಬರ ಮುಟ್ಟಿಸಬೇಡಿ. ತೊಳೆದ ಹೊಳೆ ಮರಳು ಅರ್ಧ, ತೆಂಗಿನ ನಾರಿನ ಪುಡಿ ಅರ್ಧ. ನಾರಿನ ಪುಡಿಗೆ ನಮ್ಮ ತಾಲೂಕಿನಲ್ಲಿ ಬರವಿಲ್ಲ, ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ನಾಲ್ಕೈದು ನೀರಿನಲ್ಲಿ ತೊಳೆದು ಹಿಂಡಬೇಕು. ಫ್ಲೈಟ್ರ್ಯಾಪ್, ಡ್ರೋಸೆರಾ ಕುಂಡ ಒಂದಂಗುಲ ನೀರಿನ ತಟ್ಟೆಯಲ್ಲಿ ಕೂರಬೇಕು. ಹೂಜಿ ಗಿಡಕ್ಕೆ ಮಾತ್ರ ನೀರು ನಿಲ್ಲಬಾರದು, ಬಸಿಯಬೇಕು.

ಎಲ್ಲಕ್ಕಿಂತ ಮುಖ್ಯ ನೀರು. ನಮ್ಮ ಬೋರಿನ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಸುಣ್ಣ ಕಟ್ಟುತ್ತದೆ. ಆ ಸುಣ್ಣವೇ ಈ ಗಿಡಗಳಿಗೆ ವಿಷ. ಮಳೆ ನೀರು ಹಿಡಿದಿಟ್ಟುಕೊಳ್ಳಿ. ಬೇಸಗೆಗೆ ಸಾಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು ಆಗುತ್ತದೆ, ಮೀಟರಿನಲ್ಲಿ 50ಕ್ಕಿಂತ ಕಡಿಮೆ ತೋರಿಸಿದರೆ ಧೈರ್ಯವಾಗಿ ಹಾಕಿ. ದನಕ್ಕೆ ಬೋರಿನ ನೀರು ಕುಡಿಸಿ ಗಿಡಕ್ಕೆ ಶುದ್ಧ ನೀರು ಹೊರುವುದು ನೋಡಿ ನನ್ನ ಹೆಂಡತಿ ಏನಂದಳು ಅಂತ ಇಲ್ಲಿ ಬರೆಯಲಾರೆ.

ಇನ್ನು ಕೀಟ ಹತೋಟಿಯ ಆಸೆ. ಇದನ್ನು ಬಿಟ್ಟುಬಿಡಿ. ನುಸಿ, ಕಪ್ಪುತಲೆ ಹುಳು, ಕುರುವಾಯಿ ದುಂಬಿ, ಇವು ಯಾವುವೂ ತೆಂಗಿನ ಸುಳಿ ಬಿಟ್ಟು ಕುಂಡಕ್ಕೆ ಇಳಿದು ಬರುವುದಿಲ್ಲ. ಒಂದು ಗಿಡಕ್ಕೆ ತಿಂಗಳಿಗೆ ಬೆರಳೆಣಿಕೆಯಷ್ಟು ಹುಳ ಸಿಕ್ಕಿದರೆ ಅದಕ್ಕೆ ಹಬ್ಬ. ಮನೆ ಮುಂದೆ ಚಂದಕ್ಕೆ ಇಡಬಹುದು, ಮಕ್ಕಳು ನೋಡಿ ಕಲಿಯಲಿ. ಅಷ್ಟೇ.

ಚಂದಕ್ಕೇ ಆದರೆ ನಮ್ಮದೇ ಡ್ರೋಸೆರಾ ಸಾಕಲ್ಲವೇ? ಕರಾವಳಿಯ ಓದುಗರಿಗೆ ಇನ್ನೂ ಸುಲಭ. ಕಾಸರಗೋಡಿನ ಕೆಂಪುಕಲ್ಲಿನ ಪಾರೆಗಳ ಮೇಲೆ ಮಳೆಗಾಲದಲ್ಲಿ ನೀಲಿ ಹಾಸಿದಂತೆ ಅರಳುವ, ಓಣಂ ಪೂಕಳಕ್ಕೆ ಕೊಯ್ಯುವ ಕಾಕ್ಕಪ್ಪೂವು ಕೂಡಾ ಹುಳ ತಿನ್ನುವ ಗಿಡವೇ. ಅದರ ಬಲೆ ಒದ್ದೆ ಮಣ್ಣಿನೊಳಗಿನ ಸಣ್ಣ ಚೀಲಗಳು, ಹಾಗಾಗಿ ಕಾಣುವುದಿಲ್ಲ. ನಮ್ಮ ಡ್ರೋಸೆರಾದ ಗುಣ ನೋಡಿ: ಮಳೆಯಲ್ಲಿ ಹುಟ್ಟಿ, ಸಣ್ಣ ಬಿಳಿ ಹೂ ಬಿಟ್ಟು, ಧೂಳಿನಂಥ ಬೀಜ ಚೆಲ್ಲಿ, ಬಿಸಿಲು ಬರುವಷ್ಟರಲ್ಲಿ ಸಾಯುತ್ತದೆ. ಬೇಸಗೆ ಕಾಯುವ ಕೆಲಸ ಬೀಜದ್ದು. ನಮ್ಮ ಹುರುಳಿ, ರಾಗಿಯ ಹಾಗೆ ಅದೂ ಮಳೆಯಾಶ್ರಿತ ಬೇಸಾಯವೇ.

ಮೇಷ್ಟ್ರು ಹೋದ ಮೇಲೆ ಹಸ್ತ ಮಳೆಗೆ ನಾನೂ ಮಗನೂ ಗೋಮಾಳದ ಬಂಡೆ ಸುತ್ತ ಹುಡುಕಿದೆವು. ಪುಣ್ಯಕ್ಕೆ ಒಂದು ಕಡೆ ಮೂರು ಮಾರು ಉದ್ದಕ್ಕೆ ಸಿಕ್ಕಿತು. ಮಗನ ಕಣ್ಣು ಹೊಳೆಯಿತು. "ಅಪ್ಪಾ, ಕಿತ್ತು ಫೋನಲ್ಲಿ ಮಾರೋಣ. ಗಿಡಕ್ಕೆ ನೂರು ರೂಪಾಯಿ ಅಂದ್ರೂ ಹೋದ ಏಳುನೂರು ಒಂದೇ ದಿನಕ್ಕೆ ಬರ್ತದೆ" ಅಂದ. ಅವನ ಲೆಕ್ಕ ತಪ್ಪಿಲ್ಲ. ಆ ವರ್ಷ ರಾಗಿ ಅರ್ಧಕ್ಕೆ ಒಣಗಿತ್ತು, ಸೊಸೈಟಿ ಸಾಲದ ಕಂತು ತಲೆ ಮೇಲಿತ್ತು. ಆದರೂ ಬೇಡ ಅಂದೆ. ಮಾತಿಗೆ ಮಾತು ಬೆಳೆದು ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಆ ಮೂರು ಮಾರನ್ನು ಕಿತ್ತರೆ ನಮ್ಮೂರಲ್ಲಿ ನನ್ನ ಕಣ್ಣಿಗೆ ಬಿದ್ದಷ್ಟು ಪೂರ್ತಿ ಮುಗಿಯಿತು. ಒಂದು ಜಾಗ ಆಗಲೇ ನನ್ನ ಕೈಯಿಂದ ಹೋಗಿದೆ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಗಿಡ ಕೀಳುವುದಿಲ್ಲ. ಒಣಗಿದ ಹೂದಂಡು ಐದಾರನ್ನು ಮಾತ್ರ ಕಾಗದದ ಪೊಟ್ಟಣದಲ್ಲಿ ಉದುರಿಸಿ ತಂದೆವು. ಈ ವರ್ಷ ಮಳೆ ಕೂತ ಮೇಲೆ ಮೂರು ತಟ್ಟೆ ಮರಳಿನ ಮೇಲೆ ಚೆಲ್ಲಿದೆ, ಮಣ್ಣು ಮುಚ್ಚಲಿಲ್ಲ. ಈಗ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಕಾಣುತ್ತಿವೆ, ಎಣಿಸಿದರೆ ನಲವತ್ತರ ಮೇಲಿವೆ. ಅವುಗಳಲ್ಲಿ ಬದುಕಿದ್ದನ್ನು ಮಗ ಮಾರಲಿ, ನನ್ನದೇನೂ ತಕರಾರಿಲ್ಲ. ಒಸರಿನ ಮೂಲೆಯಲ್ಲಿ ಎರಡು ಗುಂಟೆಯ ಗೋಡು ಮಣ್ಣು ಕೆರೆದು ಮೇಲಿನ ಹೊಲಕ್ಕೆ ಹಾಕಿದ್ದೇನೆ, ಹಳೇ ಗರಸು ಕಾಣುತ್ತಿದೆ. ಒಂದು ಚಿಟಿಕೆ ಬೀಜ ಅಲ್ಲಿಗೂ ಚೆಲ್ಲಿದ್ದೇನೆ. "ಎರಡು ಗುಂಟೆ ರಾಗಿ ಹೋಯ್ತು" ಅಂತ ಮಗ ಇನ್ನೂ ಗೊಣಗುತ್ತಾನೆ.